ನೆಲ ಮುಟ್ಟದ ರಕ್ಕಸ

ನಮ್ಮ ಮನೆಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥ. ದೊಡ್ಡಪ್ಪನಿಗೆ ಆಟ ಅಂದರೆ ಯಕ್ಷಗಾನ. ನನಗೆ ಆಟ ಅಂದರೆ ಕಂಪ್ಯೂಟರಿನಲ್ಲಿ ಆಡುವುದು. ಚಿಕ್ಕವನಿದ್ದಾಗ ಅಪ್ಪ ‘ಇವತ್ತು ಆಟ ಉಂಟು’ ಎಂದರೆ ಎಲ್ಲರೂ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಮಾಟುಂಗಾದಲ್ಲಿ ಇಳಿಯುತ್ತಿದ್ದೆವು. ಈಗ ‘ಆಟದ ಕೆಲಸ ಉಂಟು’ ಎಂದು ಹೇಳಿ ನಾನು ಮಲಾಡಿಗೆ ಹೋಗುತ್ತೇನೆ. ಅಲ್ಲಿನ ಒಂದು ಸ್ಟುಡಿಯೊದಲ್ಲಿ ನಾನು ಅನಿಮೇಟರ್. ಹೊರದೇಶದ ಆನ್‌ಲೈನ್ ಆಟಗಳ ಪಾತ್ರಗಳಿಗೆ ನಡಿಗೆ, ಹೊಡೆತ, ಮಂತ್ರ ಹಾಕುವ ಭಂಗಿ ಮಾಡಿಕೊಡುತ್ತೇವೆ.

ದೊಡ್ಡಪ್ಪ ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರ ಮಾಡುವವರು. ಪುತ್ತೂರು ಕಡೆಯವರು. ಮೇ ತಿಂಗಳ ಕೊನೆಗೆ ಪತ್ತನಾಜೆ ಬರುತ್ತದೆ. ಅಂದಿಗೆ ಮೇಳಗಳ ತಿರುಗಾಟ ನಿಂತು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲದಲ್ಲಿ ಕೆಲವರು ತಂಡ ಕಟ್ಟಿಕೊಂಡು ಮುಂಬೈಗೆ ಬರುತ್ತಾರೆ. ಇಲ್ಲಿನ ಹೋಟೆಲಿನವರು, ಸಂಘದವರು ಹಾಲ್ ಹಿಡಿದು ಆಟ ಆಡಿಸುತ್ತಾರೆ. ಹಾಗೆ ಬಂದಾಗಲೆಲ್ಲ ದೊಡ್ಡಪ್ಪ ನಮ್ಮ ಮನೆಯಲ್ಲೇ ಉಳಿಯುತ್ತಿದ್ದರು. ಅವರ ಪೆಟ್ಟಿಗೆಯಿಂದ ಬಣ್ಣ ಮತ್ತು ಎಣ್ಣೆಯ ವಾಸನೆ ಬರುತ್ತಿತ್ತು. ಈಗಲೂ ಆ ವಾಸನೆ ಎಲ್ಲಾದರೂ ಸಿಕ್ಕಿದರೆ ನನಗೆ ಜುಲೈ ತಿಂಗಳ ನೆನಪಾಗುತ್ತದೆ.

2019ರ ಜುಲೈ ಮೊದಲ ವಾರ ಮಳೆ ಜೋರಾಗಿ ಲೋಕಲ್‌ಗಳು ನಿಂತವು. ನಾನು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಪರದೆಯ ಮೇಲೆ ಒಬ್ಬ ರಾಕ್ಷಸ. ಎರಡು ಕೈ ಎತ್ತಿ ಬೆಂಕಿಯ ಉಂಡೆ ಎಸೆಯುತ್ತಾನೆ. ದೊಡ್ಡಪ್ಪ ಚಹಾದ ಲೋಟ ಹಿಡಿದುಕೊಂಡು ಹಿಂದೆ ನಿಂತರು. ಅದೇ ಹೊಡೆತ ಮತ್ತೆ ಮತ್ತೆ ಓಡುತ್ತಿತ್ತು. ಹತ್ತು ಸಲ ನೋಡಿರಬೇಕು.

‘ಇವ ಯಾರು?’

‘ರಾಕ್ಷಸ ದೊಡ್ಡಪ್ಪ. ಬೆಂಕಿಯ ಮಂತ್ರ ಹಾಕುವವ.’

‘ಅಲ್ಲ ಮಾರಾಯ, ಇವನ ಕಾಲಡಿ ನೆಲವೇ ಇಲ್ಲವಲ್ಲ.’

ನಾನು ಎರಡು ವಾರ ಕೂತು ಮಾಡಿದ ಕೆಲಸ ಅದು. ಪಾದ ನೆಲಕ್ಕೆ ಸರಿಯಾಗಿ ತಾಗುತ್ತಿತ್ತು, ಜಾರುತ್ತಿರಲಿಲ್ಲ. ಆದರೆ ಅವರು ಹೇಳಿದ್ದು ಬೇರೆ. ಭಾರ ಕೆಳಗೆ ಇಳಿದಿರಲಿಲ್ಲ. ಇಡೀ ಬಲ ಭುಜದಿಂದ ಹೊರಟು ಅಂಗೈಯಲ್ಲಿ ಮುಗಿಯುತ್ತಿತ್ತು. ಸೊಂಟದ ಕೆಳಗೆ ಅವನು ಸುಮ್ನೆ ನಿಂತಿದ್ದ. ದೊಡ್ಡಪ್ಪ ಲೋಟವನ್ನು ಮೇಜಿನ ಮೇಲಿಟ್ಟರು. ಮಂಡಿ ಹೊರಕ್ಕೆ ಬಾಗಿಸಿ, ಸೊಂಟ ಇಳಿಸಿ, ಒಂದೇ ಒಂದು ಹೆಜ್ಜೆ ಹಾಕಿದರು. ಕಪಾಟಿನ ಗಾಜು ಅಲುಗಿತು.

ಆಮೇಲೆ ನಾನು ಆಟಗಳನ್ನು ನೋಡುವ ಕಣ್ಣೇ ಬದಲಾಯಿತು. ಫ್ಯಾಂಟಸಿ ಆಟಗಳಲ್ಲಿ ಒಂದು ನಾಡಿನ ಗುರುತು ಎಲ್ಲಿರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಬಟ್ಟೆ, ಒಡವೆ, ಕಟ್ಟಡ ತೋರಿಸುತ್ತಾರೆ. ನನಗೆ ಮಂಡಿಯಲ್ಲಿ ಕಾಣುತ್ತದೆ. ಮೈಭಾರ ಎಲ್ಲಿ ಇಳಿಯಿತು, ಎಷ್ಟು ಹೊತ್ತು ನಿಂತಿತು, ಬೆಂಕಿ ಯಾವ ಗಳಿಗೆಯಲ್ಲಿ ಎದ್ದಿತು ಎನ್ನುವುದರಲ್ಲಿ ಕಾಣುತ್ತದೆ.

ಇದರ ಮೊದಲ ಸುಳಿವು ನನಗೆ ಸಿಕ್ಕಿದ್ದು 2008ರಲ್ಲಿ, ಒಬ್ಬ ಗೆಳೆಯನ ಮನೆಯಲ್ಲಿ. ಅವನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ. 2004ರಲ್ಲಿ ಬಂದ ಆಟ. ಅದರಲ್ಲಿ ಬೇರೆ ಬೇರೆ ಕುಲಗಳಿವೆ. 2007ರ ಜನವರಿಯಲ್ಲಿ ಡ್ರನಾಯ್ ಎಂಬ ಹೊಸ ಕುಲ ಸೇರಿತು. ಗಂಡಸರಿಗೆ ನೀಲಿ ಮೈ, ಗೊರಸು, ದಪ್ಪ ಬಾಲ. ಬೇರೆ ಲೋಕದಿಂದ ಬಂದವರು. ಗೆಳೆಯ ಡ್ಯಾನ್ಸ್ ಎಂದು ಟೈಪ್ ಮಾಡಿದ. ಆ ನೀಲಿ ದೈತ್ಯ ದಲೇರ್ ಮೆಹಂದಿಯ ‘ತುನಕ್ ತುನಕ್ ತುನ್’ ಕುಣಿಯತೊಡಗಿದ!

ಆ ಹಾಡು 1998ರದು. ನಮ್ಮ ಬೀದಿಯ ಗಣಪತಿ ವಿಸರ್ಜನೆಯಲ್ಲಿ ಅದಕ್ಕೆ ಕುಣಿಯದ ಹುಡುಗನಿಲ್ಲ. ಆಟದೊಳಗೆ ಹಾಡು ಕೇಳಿಸುವುದಿಲ್ಲ, ಕುಣಿತ ಮಾತ್ರ. ಆದರೂ ಕೋಣೆಯಲ್ಲಿದ್ದ ನಾಲ್ವರಿಗೂ ಹಾಡು ಕೇಳಿಸಿತು. ಅದು ನನಗೆ ದೊಡ್ಡ ವಿಷಯ. ಗೊರಸಿದ್ದರೂ, ಬಾಲವಿದ್ದರೂ, ಬಣ್ಣ ನೀಲಿಯಾದರೂ, ಚಲನೆ ಸರಿಯಿದ್ದರೆ ಹಾಡು ತಾನಾಗಿ ಬರುತ್ತದೆ.

ಅದೇ ಆಟದಲ್ಲಿ ಟ್ರೋಲ್ ಎಂಬ ಕುಲದ ಗಂಡಸು ಕುಣಿದರೆ ಕಾಪೊಯೆರಾ. ಬ್ರೆಜಿಲಿನಲ್ಲಿ ಗುಲಾಮರಾಗಿದ್ದ ಆಫ್ರಿಕಾದ ಜನ ಕಟ್ಟಿದ ವಿದ್ಯೆ ಅದು. ಕುಣಿತವೂ ಹೌದು, ಕಾಳಗವೂ ಹೌದು. 2014ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಟದಲ್ಲಿ ಅದು ಕೋರೆಹಲ್ಲಿನ ಟ್ರೋಲ್‌ಗೆ ಹೋಗಿದೆ. ಟ್ರೋಲ್ ಮಾತಾಡುವ ಇಂಗ್ಲಿಷ್ ಮಾತ್ರ ಜಮೈಕಾದ ಧಾಟಿಯದು. ಬ್ರೆಜಿಲ್ ಎಲ್ಲಿ, ಜಮೈಕಾ ಎಲ್ಲಿ! ಎರಡೂ ಕಡೆಯ ಜನ ಕಪ್ಪು ಎಂಬ ಒಂದೇ ಕಾರಣಕ್ಕೆ ಒಂದೇ ಬುಟ್ಟಿಗೆ ಬಿದ್ದ ಹಾಗೆ ನನಗೆ ಕಾಣುತ್ತದೆ. ಇದು ನನಗೆ ಸರಿ ಅನಿಸುವುದಿಲ್ಲ.

ಒಂದು ನಾಡಿನ ಕುಣಿತವನ್ನು ರಾಕ್ಷಸನಿಗೆ ಕೊಟ್ಟರು ಎಂಬುದು ನನ್ನ ದೂರಲ್ಲ. ನಮ್ಮ ಆಟದಲ್ಲಿ ಅತಿ ಭವ್ಯವಾದ ಪ್ರವೇಶ ರಾಕ್ಷಸನಿಗೇ ಸಲ್ಲುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಕೈಮುಗಿದು, ಅಕ್ಕಿ ಮತ್ತು ಸುಣ್ಣ ಅರೆದ ಚಿಟ್ಟಿಯನ್ನು ಗಂಟೆಗಟ್ಟಲೆ ಮುಖದ ಮೇಲೆ ಒಂದೊಂದೇ ಚುಕ್ಕೆಯಾಗಿ ಇಟ್ಟು ದೊಡ್ಡಪ್ಪ ಮಹಿಷಾಸುರನಾಗುತ್ತಿದ್ದರು. ಕೆಟ್ಟವನ ಪಾತ್ರಕ್ಕೂ ಅಷ್ಟು ಗೌರವ. ನಾನು ಕೇಳುವುದೂ ಅದನ್ನೇ. ಯಾರಿಗೆ ಬೇಕಾದರೂ ಕೊಡಿ, ಆದರೆ ಎಲ್ಲಿಂದ ಬಂತು ಎಂದು ತಿಳಿದು ಕೊಡಿ.

ಈ ವಾರ್‌ಕ್ರಾಫ್ಟ್ ಆಟಕ್ಕೆ ಒಂದು ಮೆಚ್ಚುಗೆ ಸಲ್ಲಲೇಬೇಕು. ಅಲ್ಲಿ ಒಂದೊಂದು ಕುಲಕ್ಕೂ ತನ್ನದೇ ನಿಲುವು ಇದೆ. ಟ್ರೋಲ್ ಬೆನ್ನು ಬಾಗಿಸಿ ನಿಲ್ಲುತ್ತಾನೆ. ಬೆಂಕಿಯ ಉಂಡೆ ಒಂದೇ ಆದರೂ ಟ್ರೋಲ್ ಎಸೆಯುವುದೇ ಬೇರೆ, ಮನುಷ್ಯ ಎಸೆಯುವುದೇ ಬೇರೆ. 2019ರಲ್ಲಿ ಕೂಲ್ ಟಿರನ್ ಎಂಬ ಕಡಲ ಜನ ಬಂದಾಗ ಅವರ ಮಾಂತ್ರಿಕರು ಮೃಗದ ರೂಪ ತಾಳಿದರೆ ಕಡ್ಡಿ ಹೆಣೆದು ಮಾಡಿದ ಮೃಗದ ಹಾಗೆ ಕಾಣುವಂತೆ ಮಾಡಿದರು. ಅದೇ ವಿದ್ಯೆ ಜಾಂಡಲಾರಿ ಟ್ರೋಲ್‌ಗಳಲ್ಲಿ ಡೈನೋಸಾರಿನ ರೂಪ ತಾಳುತ್ತದೆ. ಮಂತ್ರ ಒಂದೇ, ಊರು ಬೇರೆ. ನನಗೆ ಇದು ಬಹಳ ಇಷ್ಟ.

ಹೀಗೆ ಮಾಡುವುದು ಅಗ್ಗವಲ್ಲ. ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ. ಆಟದ ಪ್ರತಿ ಪಾತ್ರದೊಳಗೆ ಒಂದು ಎಲುಬುಗೂಡು ಇರುತ್ತದೆ. ನಾವು ಅದಕ್ಕೆ ರಿಗ್ ಎನ್ನುತ್ತೇವೆ. ಹತ್ತು ಪಾತ್ರಗಳಿಗೂ ಒಂದೇ ರಿಗ್ ಇಟ್ಟರೆ ಒಬ್ಬನಿಗೆ ಮಾಡಿದ ನಡಿಗೆ ಹತ್ತು ಮಂದಿಗೂ ಆಗುತ್ತದೆ. ದುಡ್ಡು ಉಳಿಯುತ್ತದೆ. ಬಟ್ಟೆ, ಕವಚ ಎಲ್ಲವೂ ಎಲ್ಲರಿಗೂ ಹೊಂದುತ್ತವೆ. ಅದಕ್ಕೇ ಎಷ್ಟೋ ಆಟಗಳಲ್ಲಿ ರಾಣಿ, ಭಿಕ್ಷು, ಮಾಟಗಾರ, ಎಲ್ಲರೂ ಒಂದೇ ಊರಿನವರ ಹಾಗೆ ನಡೆಯುತ್ತಾರೆ. ಮೇಲೆ ಸೀರೆ ಉಡಿಸಿದರೂ ಒಳಗಿನ ನಡಿಗೆ ಅದೇ.

ಇದನ್ನು ನಾನು ಅನುಭವಿಸಿ ಕಲಿತೆ. ಒಂದು ಆಟಕ್ಕೆ ‘ಭಾರತದ ಮಾಂತ್ರಿಕೆ’ ಬೇಕಾಗಿತ್ತು. ಯಾವ ಆಟ, ಯಾರು ಕೇಳಿದ್ದು ಎಂದು ಹೇಳುವುದಿಲ್ಲ. ಅವರು ಕಳಿಸಿದ ಮಾದರಿ ವಿಡಿಯೊಗಳಲ್ಲಿ ಅರ್ಧ ಅರಬ್ ನಾಡುಗಳ ಹೊಟ್ಟೆ ಕುಣಿತ, ಉಳಿದರ್ಧ ಹಾವಾಡಿಗರು. ನಾನು ಅರಮಂಡಿಯಿಂದ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಸೊಂಟ ಇಳಿಸಿದ ನಿಲುವಿನಿಂದ ಶುರು ಮಾಡಿದೆ. ಹೆಜ್ಜೆ ಮೊದಲು, ಕೈ ಆಮೇಲೆ, ಬೆಳಕು ಕೊನೆಗೆ. ಒಂದು ವಾರದ ನಂತರ ಉತ್ತರ ಬಂತು. ಕ್ಯಾಮೆರಾ ಹಿಂದಿನಿಂದ, ಮೇಲಿನಿಂದ ನೋಡುತ್ತದೆ, ಮಂಡಿ ಕಾಣುವುದಿಲ್ಲ. ರಿಗ್ ಹದಿನಾಲ್ಕು ಪಾತ್ರಗಳದ್ದು, ಸೊಂಟ ಅಷ್ಟು ಇಳಿದರೆ ಬಟ್ಟೆ ಒಳಗೆ ತೂರುತ್ತದೆ. ಗುಂಡಿ ಒತ್ತಿದ ತಕ್ಷಣ ಏನಾದರೂ ಆಗಬೇಕು, ಹೆಜ್ಜೆಗಾಗಿ ಆಡುವವರು ಕಾಯುವುದಿಲ್ಲ.

ಕೊನೆಯ ಮಾತು ನಿಜ. ಅದನ್ನು ಒಪ್ಪಲೇಬೇಕು. ಕೈ ಕೆಳಗಿನ ಗುಂಡಿಗೂ ಪರದೆಯ ಮೇಲಿನ ಮೈಗೂ ನಡುವೆ ಸಮಯ ಬಿದ್ದರೆ ಆಟ ಭಾರ ಅನಿಸುತ್ತದೆ. ಆದರೆ ಹೊಟ್ಟೆ ಕುಣಿತಕ್ಕೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ, ಅದು ಹಾಗೇ ಪಾಸಾಯಿತು. ಆ ಮಾಂತ್ರಿಕೆ ಈಗಲೂ ಎಲ್ಲೋ ಸೊಂಟ ಬಳುಕಿಸುತ್ತಾ ಮಂತ್ರ ಹಾಕುತ್ತಿರಬಹುದು. ನನಗೆ ಇನ್ನೂ ನೋವಿದೆ.

ಹಾಗಿದ್ದರೆ ಸರಿಯಾಗಿ ಮಾಡಿದವರು ಯಾರೂ ಇಲ್ಲವೇ? ಇದ್ದಾರೆ. ಫೈನಲ್ ಫ್ಯಾಂಟಸಿ 14 ಎಂಬ ಜಪಾನಿನ ಆನ್‌ಲೈನ್ ಆಟ ನೋಡಿ. 2014ರಲ್ಲಿ ಅದಕ್ಕೆ ನಿಂಜಾ ಸೇರಿದ. ಅವನು ಕೈಯಿಂದ ಮೂರು ಸನ್ನೆ ಮಾಡುತ್ತಾನೆ. ತೆನ್, ಚಿ, ಜಿನ್. ಆಕಾಶ, ಭೂಮಿ, ಮನುಷ್ಯ. ಆಟದ ಇಂಗ್ಲಿಷ್ ಆವೃತ್ತಿಯಲ್ಲೂ ಈ ಸನ್ನೆಗಳ ಹೆಸರು ‘ಮುದ್ರಾ’ ಎಂದೇ ಇದೆ. ಆಕಾಶದ ಹಿಂದೆ ಭೂಮಿ ಹಾಕಿದರೆ ಸಿಡಿಲು. ಭೂಮಿಯ ಹಿಂದೆ ಆಕಾಶ ಹಾಕಿದರೆ ಬೆಂಕಿ. ಮೂರನ್ನೂ ಸಾಲಾಗಿ ಹಾಕಿದರೆ ನೀರು. ಅಕ್ಷರ ಜೋಡಿಸಿ ಪದ ಕಟ್ಟಿದ ಹಾಗೆ. ತಪ್ಪು ಜೋಡಿಸಿದರೆ ತಲೆ ಮೇಲೆ ಒಂದು ಮೊಲ ಬಂದು ಕೂರುತ್ತದೆ. ಮೊದಲ ಸಲ ಮೊಲ ನೋಡಿದಾಗ ನಾನು ಬಹಳ ಖುಷಿಪಟ್ಟೆ. ಕೈಸನ್ನೆಗೆ ಇಲ್ಲಿ ವ್ಯಾಕರಣ ಇದೆ. ವ್ಯಾಕರಣ ಇದ್ದರೆ ತಾನೇ ತಪ್ಪು ಎಂಬುದೂ ಇರುವುದು.

ಆ ಸನ್ನೆಗಳ ದಾರಿ ಹುಡುಕಿಕೊಂಡು ಹೋದರೆ ನಮ್ಮ ಕಡೆಗೇ ಬರುತ್ತೇವೆ. ದಕ್ಷಿಣ ಭಾರತದಿಂದ ಹಡಗು ಹತ್ತಿದ ವಜ್ರಬೋಧಿ ಎಂಬ ಭಿಕ್ಷು 720ರ ಸುಮಾರಿಗೆ ಚೀನಾದ ರಾಜಧಾನಿ ತಲುಪಿದ. ಮಂತ್ರ, ಮುದ್ರೆ, ಮಂಡಲಗಳ ಬೌದ್ಧ ಮಾರ್ಗವನ್ನು ಅಲ್ಲಿ ಕಲಿಸಿದ. ಅವನ ಶಿಷ್ಯ ಅಮೋಘವಜ್ರ. ಅಮೋಘವಜ್ರನ ಶಿಷ್ಯ ಹುಯಿಗುವೊ. ಹುಯಿಗುವೊ ಹತ್ತಿರ ಕಲಿತ ಜಪಾನಿನ ಕೂಕಾಯಿ 806ರಲ್ಲಿ ತನ್ನ ನಾಡಿಗೆ ಮರಳಿ ಶಿಂಗೊನ್ ಪಂಥ ಕಟ್ಟಿದ. ಜಪಾನಿನ ಇಂಥ ತಾಂತ್ರಿಕ ಪಂಥಗಳ ಕೈಮುದ್ರೆಗಳೇ ಮುಂದೆ ನಿಂಜಾ ಕತೆಗಳಿಗೆ ಹೋದವು. ಸುಮಾರು 1300 ವರ್ಷ ಸುತ್ತಾಡಿ ಅವು ಡೊಂಬಿವಲಿಯ ನನ್ನ ಮೇಜಿಗೆ ಬಂದು ಮುಟ್ಟಿದವು. ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ಬೆರಳು ಮಡಚಿ ‘ಇದಾ?’ ಎಂದು ಒಂದು ಮುದ್ರೆ ಹಿಡಿದರು. ಅದಲ್ಲ, ಆದರೆ ಹತ್ತಿರವಿತ್ತು.

ಅದೇ ಆಟದಲ್ಲಿ 2021ರ ಡಿಸೆಂಬರಿನಲ್ಲಿ ಥಾವ್ನೇರ್ ಎಂಬ ದ್ವೀಪ ಬಂತು. ಭಾರತದ ಛಾಯೆ ಅಲ್ಲಿ ಎಲ್ಲೆಲ್ಲೂ ಇದೆ. ಅಲ್ಲಿ ಆನೆಮುಖದ ಜನರಿದ್ದಾರೆ. ಅವರ ಕುಲದ ಹೆಸರು ಮಾತಂಗ. ಮಾಟುಂಗಾ ಎಂಬ ಹೆಸರೂ ಮಾತಂಗದಿಂದ, ಅಂದರೆ ಆನೆಯಿಂದ ಬಂತು ಎನ್ನುವವರು ಮುಂಬೈಯಲ್ಲಿದ್ದಾರೆ. ಆಟಕ್ಕೆಂದು ನಾವು ಹೋಗುತ್ತಿದ್ದ ಮಾಟುಂಗಾ!

ಇನ್ನೊಂದು ಉದಾಹರಣೆ ಚೀನಾದ ಗೆನ್ಶಿನ್ ಇಂಪ್ಯಾಕ್ಟ್. 2022ರ ಜನವರಿಯಲ್ಲಿ ಅದರಲ್ಲಿ ಯುನ್ ಜಿನ್ ಎಂಬ ಪಾತ್ರ ಬಂತು. ಅವಳು ರಂಗದ ಕಲಾವಿದೆ. ಅವಳು ಹಾಡುವ ದೃಶ್ಯಕ್ಕೆ ದನಿ ಕೊಟ್ಟವರು ಶಾಂಘೈನ ಯಾಂಗ್ ಯಾಂಗ್. ಪೀಕಿಂಗ್ ಒಪೆರಾ ಎಂಬ ಚೀನಾದ ಹಳೆಯ ಹಾಡುನಾಟಕದ ಕಲಾವಿದೆ ಅವರು. ಆ ಹಾಡನ್ನು ಯಾರಿಗೂ ಸುಲಭ ಮಾಡಿಕೊಡಲಿಲ್ಲ. ಪರದೇಶದವರ ಕಿವಿಗೆ ಹೊಸದು, ಇರಲಿ ಎಂದು ಬಿಟ್ಟರು. ಲೋಕದ ಎಲ್ಲೆಡೆಯ ಹುಡುಗರು ಕೂತು ಕೇಳಿದರು. ಪೀಕಿಂಗ್ ಒಪೆರಾದಲ್ಲಿ ಪಾತ್ರ ರಂಗಕ್ಕೆ ಬಂದು ಒಂದು ಕ್ಷಣ ಕಲ್ಲಿನಂತೆ ನಿಲ್ಲುತ್ತದೆ. ಅದಕ್ಕೆ ಲಿಯಾಂಗ್‌ಶಿಯಾಂಗ್ ಎನ್ನುತ್ತಾರೆ. ಆ ನಿಲ್ಲುವಿಕೆ ನಮ್ಮ ಬಣ್ಣದ ವೇಷಕ್ಕೂ ಗೊತ್ತು. ತೆರೆಯ ಹಿಂದೆ ಮೊದಲು ಕಿರೀಟದ ತುದಿ, ಆಮೇಲೆ ಕೈ, ಬಹಳ ಹೊತ್ತಿನ ಮೇಲೆ ಮುಖ. ನೋಡುವವರನ್ನು ಕಾಯಿಸುವುದೇ ಅರ್ಧ ವೇಷ.

ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ‘ರಾಜಿ’ ತಂದಾಗ ನಾನು ಬಿಡುಗಡೆಯಾದ ವಾರವೇ ಆಡಿ ಮುಗಿಸಿದೆ. ಅದು ಆನ್‌ಲೈನ್ ಆಟವಲ್ಲ. ಆದರೆ ಕತೆ ಹೇಳುವ ಕಡೆ ಅವರು ನೆರಳು ಬೊಂಬೆ ಬಳಸಿದ್ದಾರೆ. ತೊಗಲುಗೊಂಬೆ ನೋಡಿ ಬೆಳೆದ ನನ್ನ ಅಮ್ಮ ಪಕ್ಕದಲ್ಲಿ ಕೂತು ಅಷ್ಟನ್ನು ಮಾತ್ರ ನೋಡಿದರು.

ಈಗ ಬೆಂಕಿಯ ವಿಷಯಕ್ಕೆ ಬರುತ್ತೇನೆ. ನಾನು ಈ ಬರಹ ಶುರು ಮಾಡಿದ್ದೇ ಅದಕ್ಕಾಗಿ.

ಮಹಿಷಾಸುರನ ಪ್ರವೇಶ ನೋಡದವರಿಗಾಗಿ ಹೇಳುತ್ತೇನೆ. ಅವನು ರಂಗದ ಹಿಂದಿನಿಂದ ಬರುವುದಿಲ್ಲ. ಊರಿನ ಬಯಲಾಟದಲ್ಲಿ ದೂರದ ಕತ್ತಲಿಂದ, ಜನರ ನಡುವಿನಿಂದ ಬರುತ್ತಾನೆ. ಅಕ್ಕಪಕ್ಕ ದೊಂದಿ ಹಿಡಿದವರು. ಚೆಂಡೆ ಏರುತ್ತದೆ. ದೊಂದಿಯ ಮೇಲೆ ರಾಳದ ಪುಡಿ ಎಸೆಯುತ್ತಾರೆ. ಭಗ್ಗೆಂದು ಬೆಂಕಿ ಏಳುತ್ತದೆ. ಆ ಬೆಳಕಿನಲ್ಲಿ ಒಂದು ಗಳಿಗೆ ಮುಖ ಕಾಣುತ್ತದೆ, ಮತ್ತೆ ಕತ್ತಲು. ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತವೆ.

ಮಂತ್ರ ಹಾಕಿದಾಗ ಕಾಣುವ ಬೆಂಕಿ, ಬೆಳಕಿಗೆ ನಾವು ಸ್ಪೆಲ್ ಎಫೆಕ್ಟ್ ಎನ್ನುತ್ತೇವೆ. ಇದಕ್ಕಿಂತ ಒಳ್ಳೆಯ ಸ್ಪೆಲ್ ಎಫೆಕ್ಟ್ ನಾನು ಯಾವ ಆಟದಲ್ಲೂ ಕಂಡಿಲ್ಲ.

ಆಟಗಳಲ್ಲಿ ಬೆಂಕಿ ಮಾಡುವ ರೀತಿಯೇ ಬೇರೆ. ಸಣ್ಣ ಸಣ್ಣ ಚಿತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಚಿಮ್ಮಿಸುತ್ತೇವೆ. ಹೆಚ್ಚಿನ ಮಂತ್ರಗಳಲ್ಲಿ ಅವುಗಳ ಬಣ್ಣವನ್ನು ಹಿಂದಿನ ಬಣ್ಣಕ್ಕೆ ಕೂಡಿಸುತ್ತೇವೆ. ಕೂಡಿಸಿದಷ್ಟೂ ಬೆಳ್ಳಗಾಗುತ್ತದೆ, ಥಳಥಳ ಎನ್ನುತ್ತದೆ. ಆದರೆ ಹೀಗೆ ಕೂಡಿಸುವಾಗ ಕಪ್ಪು ಕಾಣುವುದೇ ಇಲ್ಲ. ಕಪ್ಪು ಅಂದರೆ ಸೊನ್ನೆ, ಸೊನ್ನೆ ಕೂಡಿಸಿದರೆ ಏನೂ ಆಗುವುದಿಲ್ಲ. ಅದಕ್ಕೇ ಎಲ್ಲ ಆಟಗಳ ಮಂತ್ರಗಳೂ ಒಂದೇ ತರಹ ನಿಯಾನ್ ದೀಪದ ಹಾಗೆ ಹೊಳೆಯುತ್ತವೆ. ರಾಳದ ಬೆಂಕಿ ಹಾಗಲ್ಲ. ಕೇಸರಿ ಜ್ವಾಲೆ, ಅದರ ಬೆನ್ನಿಗೇ ಮಸಿಯಂಥ ಹೊಗೆ. ಕಪ್ಪಿಲ್ಲದಿದ್ದರೆ ಅದು ರಾಳವೇ ಅಲ್ಲ. ಹೊಗೆಯನ್ನು ಬೇರೆಯೇ ಪದರದಲ್ಲಿ, ಹಿಂದಿನದನ್ನು ಮುಚ್ಚುವ ಹಾಗೆ ಇಡಬೇಕು. ಕಂಪ್ಯೂಟರಿಗೆ ಕೆಲಸ ಜಾಸ್ತಿ. ಆದರೂ ನಾನು ರಾತ್ರಿಗಳಲ್ಲಿ ಕೂತು ಅದನ್ನೇ ಮಾಡುತ್ತಿದ್ದೆ, ಯಾರೂ ಕೇಳದಿದ್ದರೂ.

ದೊಡ್ಡಪ್ಪನಿಗೆ ತೋರಿಸಿದೆ. ಹೊಗೆ ಒಪ್ಪಿದರು. ಬೆಂಕಿ ಒಪ್ಪಲಿಲ್ಲ.

‘ಇದು ಎಂತಕ್ಕೆ ಇಷ್ಟು ಹೊತ್ತು ಉರಿಯುವುದು?’

‘ಚೆನ್ನಾಗಿ ಕಾಣಲಿ ಅಂತ ದೊಡ್ಡಪ್ಪ.’

‘ಬೆಂಕಿ ನೋಡ್ಲಿಕ್ಕೆ ಜನ ಬಂದದ್ದಲ್ಲ ಮಗಾ. ಮೋರೆ ನೋಡ್ಲಿಕ್ಕೆ ಬಂದದ್ದು. ರಾಳ ಮೋರೆಗೆ.’

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಾವು ಇಷ್ಟು ವರ್ಷ ಬೆಂಕಿಯನ್ನೇ ಚಂದ ಮಾಡುತ್ತಾ ಬಂದಿದ್ದೇವೆ. ಮಂತ್ರ ಹಾಕುವವನ ಮುಖ ಆ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳುವವರೇ ಕಡಿಮೆ. ಚಿಟ್ಟಿಯ ಚುಕ್ಕೆಗಳು ಉಬ್ಬಿಕೊಂಡಿರುವುದೂ ಅದಕ್ಕೇ ಇರಬೇಕು ಅನಿಸಿತು. ಕೆಳಗಿನಿಂದ ಬರುವ ದೊಂದಿಯ ಬೆಳಕಿಗೆ ಒಂದೊಂದು ಚುಕ್ಕೆಗೂ ನೆರಳು ಬೀಳುತ್ತದೆ, ಮುಖ ಅಲುಗದಿದ್ದರೂ ಅಲುಗಿದಂತೆ ಕಾಣುತ್ತದೆ.

ನಾನು ಬೆಂಕಿಯನ್ನು ಇಪ್ಪತ್ತು ಫ್ರೇಮಿಗೆ ಇಳಿಸಿದೆ. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಒಂದು ಸೆಕೆಂಡಿಗಿಂತಲೂ ಕಡಿಮೆ. ಬೆಳಕಿನ ಮೂಲವನ್ನು ಮೊಣಕಾಲಿನ ಎತ್ತರಕ್ಕೆ ತಂದೆ. ಹೆಜ್ಜೆ ನೆಲಕ್ಕೆ ಬಿದ್ದು ನಾಲ್ಕು ಫ್ರೇಮ್ ಆದ ಮೇಲೆ ಜ್ವಾಲೆ. ಆಗ ರಕ್ಕಸನಿಗೆ ಮೊದಲ ಸಲ ನೆಲ ಸಿಕ್ಕಿತು. ಕಾಲನ್ನು ನಾನು ಮುಟ್ಟಿಯೂ ಇರಲಿಲ್ಲ. ಬೆಂಕಿಯ ಗಳಿಗೆ ಸರಿಹೋದದ್ದೇ ಸಾಕಾಯಿತು.

ಕಾಯಲು ಆಗುವುದಿಲ್ಲ ಎಂಬ ಮಾತಿಗೂ ದಾರಿ ಇದೆ. ಆನ್‌ಲೈನ್ ಆಟಗಳಲ್ಲಿ ಒಂದು ಮಂತ್ರಕ್ಕೂ ಮುಂದಿನದಕ್ಕೂ ನಡುವೆ ಬಿಡುವು ಇದ್ದೇ ಇರುತ್ತದೆ. ಫೈನಲ್ ಫ್ಯಾಂಟಸಿ 14ರಲ್ಲಿ ಅದು ಸಾಮಾನ್ಯವಾಗಿ 2.5 ಸೆಕೆಂಡ್, ವಾರ್‌ಕ್ರಾಫ್ಟಿನಲ್ಲಿ 1.5. ಆಡುವವರ ಬೆರಳು ಆ ಲಯಕ್ಕೆ ಒಗ್ಗಿಹೋಗಿರುತ್ತದೆ. ಅದೂ ಒಂದು ತಾಳವೇ ಅಲ್ವಾ? ನಾವು ಆ ತಾಳದೊಳಗೆ ಯಾವಾಗಲೂ ಒಂದೇ ನಡೆ ತುಂಬುತ್ತೇವೆ. ಎತ್ತು, ಎಸೆ, ಇಳಿಸು. ನನ್ನ ಆಸೆ ಬೇರೆ. ಸುಮ್ನೆ ನಿಂತಾಗ ಪಾತ್ರ ಉಸಿರಾಡುತ್ತದಲ್ಲ, ಆ ಚಲನೆಯನ್ನು ತ್ರಿವುಡೆ ತಾಳದಲ್ಲಿ ಕಟ್ಟಬೇಕು. ಏಳು ಅಕ್ಷರ. ಮೂರು, ಎರಡು, ಎರಡು. ಲೋಕದ ಎಲ್ಲ ಪಾತ್ರಗಳೂ ಸಮ ಎಣಿಕೆಯಲ್ಲಿ ಉಸಿರಾಡುತ್ತಿರುವಾಗ ಇವನೊಬ್ಬ ಏಳರಲ್ಲಿ ಉಸಿರಾಡಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಇವನು ಬೇರೆ ಊರಿನವನು ಎಂದು ಗೊತ್ತಾಗುತ್ತದೆ. ಸೊಂಟ ಇಳಿಸಲು ಬೇರೆ ರಿಗ್ ಬೇಕು. ಏಳರಲ್ಲಿ ಉಸಿರಾಡಲು ಬೇಡ. ಇದಕ್ಕೆ ಖರ್ಚಿಲ್ಲ.

ಇದನ್ನು ಪ್ರಯತ್ನಿಸಲು ನನಗೆ ದೊಡ್ಡಪ್ಪನ ಮೈ ಬೇಕಾಗಿತ್ತು. ಮೈಯ ಚಲನೆಯನ್ನು ಕಂಪ್ಯೂಟರಿಗೆ ಇಳಿಸುವ ಮೋಷನ್ ಕ್ಯಾಪ್ಚರ್ ಸೂಟು ನಮ್ಮ ಸ್ಟುಡಿಯೊದ್ದು, ಸ್ವಂತಕ್ಕೆ ಕೊಡುವುದಿಲ್ಲ. 2023ರ ಮಳೆಗಾಲದಲ್ಲಿ ಅವರು ಬಂದಾಗ ಎರಡು ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಒಂದು ಎದುರು, ಒಂದು ಪಕ್ಕ. ಅವರಿಗೆ ಆಗ 67. ಹಿಂದಿನ ವರ್ಷವೇ ಮೇಳ ಬಿಟ್ಟಿದ್ದರು. ಹಾರಿ ಸುತ್ತುವ ಧೀಂಗಿಣ ಬೇಡ ಎಂದೆ. ‘ಕೇಳಿದರೂ ಹಾರುವುದಿಲ್ಲ’ ಎಂದರು. ಕಪಾಟು, ಟೀಪಾಯಿ ಎಲ್ಲ ಸರಿಸಿದೆವು. ಅಮ್ಮ ಸ್ಟೀಲ್ ತಟ್ಟೆ ಹಿಡಿದು ತಾಳ ಹಾಕಲು ಕೂತರು.

ಮೂರನೆಯ ಸುತ್ತಿಗೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಕಾಕು. ‘ಕಾಯ್ ಚಾಲಲಯ್?’, ಏನು ನಡೀತಿದೆ, ಎಂದು ಕೇಳುತ್ತಲೇ ಒಳಗೆ ಬಂದರು. ಅವರ ಮನೆಯ ಫ್ಯಾನು ಅಲುಗುತ್ತಿತ್ತಂತೆ. ಅಮ್ಮ ಮರಾಠಿಯಲ್ಲಿ ವಿವರಿಸಿದರು. ಕಾಕು ಹೋಗಲಿಲ್ಲ. ಸೋಫಾದ ಅಂಚಿನಲ್ಲಿ ಕೂತರು.

ದೊಡ್ಡಪ್ಪ ಗೋಡೆಗೆ ಮುಖ ಮಾಡಿ ನಿಂತರು. ಬಹಳ ಹೊತ್ತು ತಿರುಗಲೇ ಇಲ್ಲ. ನಾನು ಫೋನಿನಲ್ಲಿ ಸಮಯ ನೋಡಿದೆ. 11 ಸೆಕೆಂಡ್. ಅಮ್ಮನ ತಟ್ಟೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಬಲಗೈ ಮಾತ್ರ ಭುಜದ ಆಚೆ ಬಂತು, ಬೆರಳು ಬಿಡಿಸಿತು. ಕಾಕು ಕಾಲು ಮೇಲೆಳೆದುಕೊಂಡರು.

‘ನೆಲದಲ್ಲಿ ಒಂದು ದೀಪ ಇಡು ಮಗಾ’ ಎಂದರು ದೊಡ್ಡಪ್ಪ, ತಿರುಗದೆಯೇ. ‘ಟ್ಯೂಬ್‌ಲೈಟ್ ತೆಗಿ.’